ಅಪ್ಪ ಮೊದಲೇ ನೋಡಿದ್ದರು

ಆಸ್ಪತ್ರೆಯ ಕೌಂಟರಿನಲ್ಲಿ ಹೊಸಬರು ಯಾರಾದರೂ ಕೂತಿದ್ದರೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಪೇಷಂಟ್ ಎಲ್ಲಿದ್ದಾರೆ?” ನರರೋಗ ವಿಭಾಗದ ಬೆಂಚುಗಳಲ್ಲಿ ಕೂತವರು ಹೆಚ್ಚಾಗಿ ಎಪ್ಪತ್ತರ ಆಚೆಯವರು. ಅವರ ಪಕ್ಕದಲ್ಲಿ ಮಗಳೋ ಸೊಸೆಯೋ ನೀರಿನ ಬಾಟಲಿ ಹಿಡಿದು ಕೂತಿರುತ್ತಾಳೆ. ನಾನೂ ಅಂಥ ಮಗಳು ಎಂದುಕೊಳ್ಳುವುದು ಸಹಜ. ಅದು ತಪ್ಪೂ ಅಲ್ಲ. ಅಪ್ಪನನ್ನು ಕರೆದುಕೊಂಡು ಬರುವವಳು ನಾನೇ. “ಇಬ್ಬರೂ ಪೇಷಂಟ್” ಎಂದರೆ ಕೌಂಟರಿನವರು ನನ್ನ ಮುಖವನ್ನೊಮ್ಮೆ ನೋಡಿ, ಬೇಗನೆ ಕಂಪ್ಯೂಟರಿನ ಕಡೆ ತಿರುಗುತ್ತಾರೆ.

ನನಗೆ ಮೂವತ್ತೈದು ವರ್ಷ. ಮಂಗಳೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಅಪ್ಪ, ಅಮ್ಮ, ನಾನು ಉರ್ವದ ಒಂದು ಫ್ಲ್ಯಾಟಿನಲ್ಲಿದ್ದೇವೆ. ಅಪ್ಪನಿಗೆ ನಲವತ್ತು ದಾಟಿದ ಸ್ವಲ್ಪದರಲ್ಲೇ ಪಾರ್ಕಿನ್ಸನ್ ಕಾಯಿಲೆ ಶುರುವಾಯಿತು. ನನಗೆ ಇನ್ನೂ ಬೇಗ. ನನ್ನ ವಿಷಯ ನಾನು ಬರೆದುಕೊಳ್ಳುವವಳಲ್ಲ, ಹೇಳಿಕೊಳ್ಳುವವಳೂ ಅಲ್ಲ. ಆದರೆ ನನಗೆ ಗೊತ್ತಾದ ದಿನಗಳಲ್ಲಿ ಇದರ ಬಗ್ಗೆ ಕನ್ನಡದಲ್ಲಿ ಹುಡುಕಿದಾಗ ಸಿಕ್ಕಿದ್ದೆಲ್ಲ ಕೈ ನಡುಗುವ ಮಾತು. ಕೈ ನಡುಗುವುದಕ್ಕೆ ನಾನು ಅಷ್ಟೇನೂ ಹೆದರಿರಲಿಲ್ಲ. ಹೆದರಿದ್ದು ಮನುಷ್ಯನ ಸ್ವಭಾವವೇ ಬದಲಾಗುವುದಕ್ಕೆ. ಅದನ್ನು ನಾನು ಮನೆಯಲ್ಲಿ ಊಟದ ಮೇಜಿನ ಎದುರು ಕೂತು ನೋಡಿದ್ದೆ. ಅದೇ ಹೆದರಿಕೆಯಿಂದ ಈಗ ಹುಡುಕುತ್ತಿರುವವರು ಯಾರಾದರೂ ಇದ್ದರೆ, ಇದು ಅವರಿಗೆ. ಸಮಾಧಾನ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಒಂದು ಶಬ್ದ ಮಾತ್ರ ಹಾಗೆಯೇ ಬಿಡುತ್ತೇನೆ: ‘ಆವು’. ಆಗಲಿ, ಆಯಿತು, ಹಾಗೇ ಇರಲಿ, ಎಲ್ಲವೂ ಅದೇ.

ಅಪ್ಪ ನಂತೂರಿನ ಹತ್ತಿರ ಒಂದು ಹೋಟೆಲ್ ನಡೆಸುತ್ತಿದ್ದರು. ಲಾರಿಯವರು, ಬಸ್ಸಿನವರು, ಬೆಳಿಗ್ಗೆಯಿಂದ ಗಲಾಟೆ. ಆ ಗಲಾಟೆಯ ನಡುವೆ ಅಪ್ಪ ಕ್ಯಾಶಿನಲ್ಲಿ ಕೂತು ಬೆರಳ ಸನ್ನೆಯಲ್ಲೇ ಕೆಲಸ ನಡೆಸುತ್ತಿದ್ದರಂತೆ. “ನಿನ್ನ ಅಪ್ಪನ ಸ್ವರ ಕೇಳ್ಬೇಕಾದ್ರೆ ಟಿಕೆಟ್ ತೆಗೀಬೇಕು” ಎಂದು ಅಮ್ಮ ತಮಾಷೆ ಮಾಡುತ್ತಿದ್ದರು. ಕಾಯಿಲೆ ಹೆಚ್ಚಾದಾಗ ಹೋಟೆಲನ್ನು ತಮ್ಮ ಅಕ್ಕನ ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತರು. ಹಾಲಿನ ಮೂಲೆಯ ಕುರ್ಚಿ ಅವರದ್ದಾಯಿತು. ಅಲ್ಲಿಂದ ಮುಂಬಾಗಿಲು, ಅಡುಗೆಮನೆ, ನನ್ನ ಕೋಣೆಯ ಬಾಗಿಲು ಎಲ್ಲ ಕಾಣುತ್ತದೆ.

ಮೊದಲು ಬಂದದ್ದು ಬಿಚ್ಚುವ ಚಟ. ಗೋಡೆಗಡಿಯಾರ ಬಿಚ್ಚಿದರು. ಮಿಕ್ಸಿ ಬಿಚ್ಚಿದರು. ಬಿಚ್ಚಿದ್ದನ್ನು ದಿನವಿಡೀ ನೆಲದಲ್ಲಿ ಸಾಲಾಗಿ ಜೋಡಿಸುತ್ತಿದ್ದರು, ಊಟಕ್ಕೆ ಕರೆದರೆ ಕೇಳುತ್ತಿರಲಿಲ್ಲ. ಆಮೇಲೆ ಮಾತ್ರೆಯನ್ನು ಕೇಳಿ ಕೇಳಿ ಹೆಚ್ಚು ತೆಗೆದುಕೊಳ್ಳಲು ತೊಡಗಿದರು. ಅಮ್ಮ ಮಾತ್ರೆಯ ಡಬ್ಬಿಯನ್ನು ಅಕ್ಕಿಯ ಡಬ್ಬದಲ್ಲಿ ಬಚ್ಚಿಟ್ಟರು. ಅದರ ನಂತರ ಸಂಶಯ ಬಂತು.

ನಮ್ಮ ರಸ್ತೆಗೆ ಸ್ಕೂಟರಿನಲ್ಲಿ ಮೀನು ತರುವವನೊಬ್ಬನಿದ್ದ. ಹಾರ್ನ್ ಹೊಡೆದರೆ ಅಮ್ಮ ಪಾತ್ರೆ ಹಿಡಿದು ಕೆಳಗೆ ಇಳಿಯುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಕೇಳಿದರು:

“ಬಂಗುಡೆ ತೆಗೊಳ್ಳಿಕ್ಕೆ ಅಷ್ಟು ಹೊತ್ತು ಬೇಕಾ?”

“ರೇಟ್ ಕಮ್ಮಿ ಮಾಡಿಸ್ಬೇಡ್ವಾ?” ಎಂದರು ಅಮ್ಮ.

“ಅವ ನಿನಗೆ ಹೇಗೂ ಕಮ್ಮಿಯಲ್ಲೇ ಕೊಡ್ತಾನಲ್ಲ.”

ಅಮ್ಮ ನಕ್ಕರು. ಅಪ್ಪ ನಗಲಿಲ್ಲ. ಅವರ ಮುಖ ಕಾಯಿಲೆಯಿಂದ ಆಗಲೇ ಗಟ್ಟಿಯಾಗಿತ್ತು, ಹಾಗಾಗಿ ಅದು ತಮಾಷೆಯಲ್ಲ ಎಂದು ನಮಗೆ ಅರ್ಥವಾಗಲು ಕೆಲವು ವಾರಗಳೇ ಬೇಕಾದವು. ಮೀನಿನವನು ಮೆಟ್ಟಿಲು ಹತ್ತಿ ಒಳಗೆ ಬಂದ, ಅಡುಗೆಮನೆಯಲ್ಲಿ ನಿಂತಿದ್ದ, ನಾನು ಈ ಕುರ್ಚಿಯಿಂದ ಕಣ್ಣಾರೆ ನೋಡಿದೆ ಎಂದರು ಅಪ್ಪ. ಅಮ್ಮ ಅತ್ತರು, ದೈವದ ಮೇಲೆ ಆಣೆ ಇಟ್ಟರು. ಅವನ ಹತ್ತಿರ ಮೀನು ತೆಗೆದುಕೊಳ್ಳುವುದನ್ನು ನಿಲ್ಲಿಸಿ ಉರ್ವದ ಮಾರ್ಕೆಟಿಗೆ ನಡೆದು ಹೋಗತೊಡಗಿದರು. ಆಗ ಮಾರ್ಕೆಟಿನಲ್ಲಿ ಯಾರು ಕಾಯುತ್ತಾರೆ ಎಂಬ ಪ್ರಶ್ನೆ ಬಂತು. ಡಾಕ್ಟರು ಇದು ಸ್ವಲ್ಪ ಕಾಯಿಲೆಯದ್ದು, ಸ್ವಲ್ಪ ಮಾತ್ರೆಯದ್ದು ಎಂದು ಒಂದು ಮಾತ್ರೆ ಕಡಿಮೆ ಮಾಡಿದರು. ಸಂಶಯ ತಗ್ಗಿತು, ಹೋಗಲಿಲ್ಲ. ಬದಲಿಗೆ ಅಪ್ಪನಿಗೆ ಹಾಸಿಗೆಯಲ್ಲಿ ಮಗ್ಗುಲು ತಿರುಗಲೂ ನಮ್ಮ ಕೈ ಬೇಕಾಯಿತು.

ಅಮ್ಮ ವಾದ ಮಾಡುವುದನ್ನು ನಿಲ್ಲಿಸಿದರು. ಅಪ್ಪ ಏನು ಹೇಳಿದರೂ ತಲೆ ಎತ್ತದೆ, ಸ್ವರ ಏರಿಸದೆ, ಇಳಿಸದೆ, “ಆವು” ಎನ್ನುತ್ತಿದ್ದರು. ನೀನು ಅವನ ಹತ್ರ ನಕ್ಕು ಮಾತಾಡಿದ್ದು. ಆವು. ನನ್ನ ಕನ್ನಡಕ ಅಡಗಿಸಿಟ್ಟದ್ದು ನೀನೇ. ಆವು, ನಾನೇ. ಜಗಳ ಅಲ್ಲಿಗೆ ಮುಗಿಯುತ್ತಿತ್ತು. ಮನೆ ಶಾಂತವಾಯಿತು. ಅದು ಅಮ್ಮನ ಜಾಣತನ ಎಂದು ನನಗೂ ಅನ್ನಿಸಿತ್ತು.

ಆ ದಿನಗಳಲ್ಲೇ ಒಂದು ಸಂಜೆ ನಾನು ಕಾಲೇಜಿನಿಂದ ಬಂದು ಕೋಣೆಗೆ ಹೋಗುತ್ತಿದ್ದೆ. ಅಪ್ಪ ಕುರ್ಚಿಯಿಂದ ಅಮ್ಮನಿಗೆ ಹೇಳಿದರು:

“ಇವಳು ನಡೆಯುವಾಗ ಬಲಗೈ ಬೀಸುದಿಲ್ಲ ನೋಡು.”

“ಆವು” ಎಂದರು ಅಮ್ಮ.

“ಎಡಗೈ ಬೀಸ್ತಾಳೆ. ಬಲಗೈ ಇಲ್ಲ.”

“ಆವು, ಆವು. ಚಾ ಕುಡೀರಿ.”

ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ನನಗೆ ಆಗ ಇದ್ದದ್ದು ಬಲ ಭುಜದ ನೋವು ಮಾತ್ರ. ಸ್ವಲ್ಪ ಸಮಯದ ನಂತರ ಮಾರ್ಕೆಟಿನಿಂದ ಮನೆಗೆ ಏರು ಹತ್ತುವಾಗ ಬಲಗಾಲಿನ ಬೆರಳುಗಳು ಚಪ್ಪಲಿಯೊಳಗೆ ತಾವಾಗಿ ಮಡಚಿಕೊಳ್ಳತೊಡಗಿದವು. ರಸ್ತೆ ಬದಿಯಲ್ಲಿ ನಿಂತು, ಫೋನ್ ನೋಡುವವಳ ಹಾಗೆ ನಟಿಸಿ, ಬೆರಳು ಬಿಡಿಸಿಕೊಳ್ಳುವವರೆಗೆ ಕಾಯುತ್ತಿದ್ದೆ. ಪ್ರಯೋಗಾಲಯದಲ್ಲಿ ಬ್ಯುರೆಟ್ಟಿನಿಂದ ಒಂದೊಂದೇ ಹನಿ ಬಿಡುವಾಗ ಬೆರಳು ನಿಧಾನವಾಗುತ್ತಿತ್ತು. ಬಣ್ಣ ತಿರುಗುವ ಆ ಕ್ಷಣಕ್ಕೆ ತಿರುಪು ಮುಚ್ಚಲಾಗದೆ ಇಡೀ ಪ್ರಯೋಗ ಕೆಡುತ್ತಿತ್ತು. ಆಮೇಲಾಮೇಲೆ, “ನೀವು ಮಾಡಿ, ನಾನು ನೋಡ್ತೇನೆ” ಎಂದು ವಿದ್ಯಾರ್ಥಿಗಳಿಗೆ ಬಿಟ್ಟೆ. ಒಳ್ಳೆಯ ಟೀಚರ್ ಎಂದು ಹೆಸರು ಬಂತು.

ಅಮ್ಮನೇ ನನ್ನನ್ನು ಮೂಳೆಯ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಭುಜ ತಿರುಗಿಸಿ ನೋಡಿ ಕೇಳಿದರು:

“ಕುಟುಂಬದಲ್ಲಿ ಯಾರಿಗಾದ್ರೂ ನರದ ಕಾಯಿಲೆ ಉಂಟಾ?”

“ಇಲ್ಲ ಡಾಕ್ಟ್ರೇ, ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ” ಎಂದರು ಅಮ್ಮ.

ಅಮ್ಮ ಸುಳ್ಳು ಹೇಳಲಿಲ್ಲ. ಪಕ್ಕದಲ್ಲೇ ಕೂತಿದ್ದ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮಲ್ಲಿ ಕುಟುಂಬ ಎಂದರೆ ತಾಯಿಯ ಕಡೆ. ಮಕ್ಕಳು ತಾಯಿಯ ‘ಬರಿ’ಗೆ ಸೇರಿದವರು. ಬರಿ ಎಂದರೆ ಗೋತ್ರದಂಥದ್ದು, ಆದರೆ ತಾಯಿಯಿಂದ ಬರುವಂಥದ್ದು. ಅಪ್ಪ ನನ್ನ ಅಪ್ಪ, ಆದರೆ ಅವರ ಕುಟುಂಬ ಬೇರೆ: ಅವರ ಅಮ್ಮ, ಅವರ ಅಕ್ಕ, ಅಕ್ಕನ ಮಕ್ಕಳು. ಹೋಟೆಲ್ ಅಕ್ಕನ ಮಗನಿಗೆ ಹೋದದ್ದನ್ನು ನಮ್ಮ ಮನೆಯಲ್ಲಿ ಯಾರೂ ವಿಚಿತ್ರ ಎಂದುಕೊಳ್ಳಲಿಲ್ಲ. ಅಪ್ಪನ ಕುಟುಂಬದ ಮನೆಯಲ್ಲಿ ದೈವದ ಕೋಲ ನಡೆದರೆ ನಾನು ನೆಂಟಳ ಹಾಗೆ ಹೋಗಿ ಊಟ ಮಾಡಿ ಬರುವವಳು.

ಅಪ್ಪನ ಕಾಯಿಲೆ ಹೊಸದರಲ್ಲಿ ಆ ಮನೆಯಲ್ಲಿ ಜ್ಯೋತಿಷಿಯನ್ನು ಕರೆಸಿ ಪ್ರಶ್ನೆ ಇಡಿಸಿದ್ದರು. ಕುಟುಂಬಕ್ಕೆ ಹಳೆಯ ದೋಷ ಉಂಟು ಎಂದು ಕಂಡುಬಂತು. ಅಲ್ಲಿನ ಹಿರಿಯರೊಬ್ಬರು ಅಮ್ಮನನ್ನು ಪಕ್ಕಕ್ಕೆ ಕರೆದು, “ನಿನ್ನ ಮಗಳ ಬಗ್ಗೆ ನೀನು ಹೆದರ್ಬೇಡ ಮಾರಾಯ್ತಿ. ಅವಳು ನಮ್ಮ ಬರಿ ಅಲ್ಲ. ಇದು ಅವಳಿಗೆ ತಾಗ್ಲಿಕ್ಕಿಲ್ಲ” ಎಂದರಂತೆ. ಅಮ್ಮ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮನೆಗೆ ತಂದರು. ಕಷ್ಟದ ದಿನಗಳಲ್ಲಿ ಅವರಿಗಿದ್ದ ಒಂದೇ ಧೈರ್ಯ ಅದು.

ಹಾಗಾಗಿ ನಾನು ಭುಜದ ನೋವಿನವಳಾಗಿಯೇ ಉಳಿದೆ. ಶಕ್ತಿನಗರದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದರು. ಕಾಲೇಜು ಬಿಟ್ಟ ಮೇಲೆ ಬಸ್ಸು ಹಿಡಿದು, ನಂತೂರಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡು, ಅಲ್ಲಿಗೆ ಹೋಗುತ್ತಿದ್ದೆ. ಅವರು ಕೈಯನ್ನು ಮೇಲೆತ್ತಿಸಿ, “ಮೊಬೈಲ್ ಕಮ್ಮಿ ಮಾಡಿ ಮೇಡಂ” ಎನ್ನುತ್ತಿದ್ದರು. ಹೆಚ್ಚುಕಡಿಮೆ ಎರಡು ವರ್ಷ ಹೀಗೆ ಕಳೆಯಿತು. ಬೇರೆ ಡಾಕ್ಟರೊಬ್ಬರನ್ನೂ ನೋಡಿದೆವು. ಅವರೂ ಅದೇ ಪ್ರಶ್ನೆ ಕೇಳಿದರು. ಅಮ್ಮ ಅದೇ ಉತ್ತರ ಕೊಟ್ಟರು.

ಗೊತ್ತಾದದ್ದು ಅಪ್ಪನ ತಪಾಸಣೆಯ ದಿನ. ಅಪ್ಪನ ಡಾಕ್ಟರು ಮಾತಾಡುತ್ತಾ ಇದ್ದವರು ಒಮ್ಮೆಲೇ ನಿಲ್ಲಿಸಿದರು. ನಾನು ಮೇಜಿನ ಮೇಲಿದ್ದ ಅಪ್ಪನ ಫೈಲು ತರಲು ಎದ್ದು ಹೋಗಿ ಬಂದಿದ್ದೆ, ಅಷ್ಟೇ.

“ನೀವೊಮ್ಮೆ ಬಾಗಿಲವರೆಗೆ ಹೋಗಿ ಬನ್ನಿ ನೋಡುವ” ಎಂದರು.

ಹೋಗಿ ಬಂದೆ.

“ಇನ್ನೊಮ್ಮೆ.”

ಇನ್ನೊಮ್ಮೆ ಹೋಗಿ ಬಂದೆ. ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ತಟ್ಟಲು ಹೇಳಿದರು. ನಾನು ತಟ್ಟಿದೆ. ಬೆರಳುಗಳ ನಡುವಿನ ಅಂತರ ಕಿರಿದಾಗುತ್ತಾ ಬಂದು ನಿಂತಿತು. ಅದನ್ನು ನಾನೂ ನೋಡಿದೆ. ಅಪ್ಪ ತಮ್ಮ ಸಣ್ಣ, ಒಂದೇ ಸಮನಾದ ಸ್ವರದಲ್ಲಿ ಹೇಳಿದರು:

“ನಾನು ಮನೇಲಿ ಹೇಳಿದ್ದೆ.”

ಹೌದು, ಹೇಳಿದ್ದರು. ನಾಡಿನ ಡಾಕ್ಟರುಗಳೆಲ್ಲ ನನ್ನ ಭುಜ ತಿರುಗಿಸುವ ಮೊದಲೇ ಹೇಳಿದ್ದರು. ಅವರು ಏನು ಹೇಳಿದರೂ ನಂಬಬೇಕಾಗಿಲ್ಲ ಎಂದು ನಾವು ಅಷ್ಟರೊಳಗೆ ತೀರ್ಮಾನಿಸಿ ಆಗಿತ್ತು.

ಹೊರಗೆ ಬೆಂಚಿನಲ್ಲಿ ಕೂತು ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ನೋಡಿದೆ, ಆಗಲಿಲ್ಲ. ಪಕ್ಕದಲ್ಲಿ ಗಂಡನನ್ನು ಕರೆತಂದಿದ್ದ ಹೆಂಗಸೊಬ್ಬರಿದ್ದರು. ಅವರು ಏನೂ ಕೇಳದೆ ಬಾಟಲಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ ನನ್ನ ಕೈಗೆ ಕೊಟ್ಟು, ಮತ್ತೆ ತಮ್ಮ ಗಂಡನ ಕಡೆ ತಿರುಗಿದರು. ಆ ದಿನದ್ದು ನೆನೆದರೆ ಒಳ್ಳೆಯದೆನ್ನಿಸುವುದು ಅದೊಂದೇ.

ಮನೆಗೆ ಬಂದು ಹೇಳಿದಾಗ ಅಮ್ಮ ಒಪ್ಪಲಿಲ್ಲ. “ಅದು ಅವರ ಕುಟುಂಬದ್ದು ಮಗಾ. ನೀನು ನನ್ನ ಬರಿ” ಎಂದರು. ಮತ್ತೆ ಮತ್ತೆ ಅದನ್ನೇ ಹೇಳಿದರು, ಯಾರೋ ನಮ್ಮ ಮನೆಯ ಬಾಗಿಲಿಗೆ ತಪ್ಪಾಗಿ ಬಂದವರಿಗೆ ವಿಳಾಸ ಹೇಳುವ ಹಾಗೆ.

ಇಷ್ಟು ಸಣ್ಣ ಪ್ರಾಯದಲ್ಲಿ ಬಂದದ್ದರಿಂದ ರಕ್ತ ಕೊಟ್ಟು ವಂಶವಾಹಿ ಪರೀಕ್ಷೆ ಮಾಡಿಸಬೇಕೆಂದರು ಅಪ್ಪನ ಡಾಕ್ಟರು. ಫಲಿತಾಂಶ ಹೇಳುವ ದಿನ ಅಮ್ಮನೂ ಬಂದರು. ಅದನ್ನು ಬಿಡಿಸಿ ಹೇಳುವುದಕ್ಕೆಂದೇ ಅಲ್ಲಿ ಒಬ್ಬ ಡಾಕ್ಟರಿದ್ದರು, ನನ್ನಷ್ಟೇ ಪ್ರಾಯದ ಹೆಂಗಸು. ಅವರು ಅಮ್ಮನನ್ನು ಕೇಳಿದರು:

“ನಿಮ್ಮದು ಸಂಬಂಧದಲ್ಲೇ ಮದುವೆಯಾ ಅಮ್ಮ?”

“ಸಂಬಂಧ ಎಂತದ್ದು? ಬೇರೆ ಬೇರೆ ಬರಿ ನಮ್ಮದು. ಒಂದೇ ಬರಿಯಲ್ಲಿ ಮದುವೆ ಆಗ್ಲಿಕ್ಕೇ ಇಲ್ಲ.”

“ಮೊದ್ಲೇ ಪರಿಚಯ ಇತ್ತಾ ಅವರ ಮನೆಯವರದ್ದು?”

“ಪರಿಚಯ ಎಂತ, ಅವರ ಅಪ್ಪ ನನ್ನ ಸೋದರಮಾವ ಅಲ್ವಾ.”

“ಅಂದ್ರೆ ನಿಮ್ಮ ಅಮ್ಮನ ಅಣ್ಣ?”

“ಹೌದು. ನನ್ನ ಅಮ್ಮನ ಸ್ವಂತ ಅಣ್ಣ.”

“ಮತ್ತೆ ಸಂಬಂಧ ಇಲ್ಲ ಅಂದ್ರಿ?”

“ಇವರು ಇವರ ಅಮ್ಮನ ಬರಿ ಡಾಕ್ಟ್ರೇ. ಮಾವನ ಮಗ ಕುಟುಂಬದವ ಆಗುದಿಲ್ಲ” ಎಂದರು ಅಮ್ಮ, ಓದಿದವರಿಗೆ ಇಷ್ಟೂ ತಿಳಿಯದಲ್ಲ ಎಂಬ ಬೇಸರದಲ್ಲಿ.

ಡಾಕ್ಟರು ನಗಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ. ಅವರು ನಿಧಾನವಾಗಿ ಹೇಳಿದ್ದು ಇಷ್ಟು. ಈ ಬಗೆಯ ಕಾಯಿಲೆ ಬರಬೇಕಾದರೆ ಒಂದು ವಂಶವಾಹಿಯ ಕೆಟ್ಟ ಪ್ರತಿ ಎರಡು ಬೇಕು, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದೇ ಇದ್ದವರು ಆರೋಗ್ಯವಾಗಿಯೇ ಇರುತ್ತಾರೆ, ಅದು ತಮ್ಮಲ್ಲಿ ಉಂಟೆಂದು ಅವರಿಗೆ ಗೊತ್ತೂ ಆಗುವುದಿಲ್ಲ. ನನ್ನಲ್ಲಿ ಎರಡೂ ಉಂಟು. ಅಮ್ಮನ ಅಮ್ಮನೂ ಅಪ್ಪನ ಅಪ್ಪನೂ ಒಂದೇ ತಾಯಿಯ ಮಕ್ಕಳಾದ್ದರಿಂದ, ಒಂದೇ ಮನೆಯಿಂದ ಹೊರಟದ್ದು ಎರಡು ದಾರಿಯಲ್ಲಿ ಬಂದು ನನ್ನಲ್ಲಿ ಕೂಡಿರಬೇಕು.

ಅಮ್ಮ ಕೇಳಿದರು, “ಹಾಗಾದ್ರೆ ಅರ್ಧ ನಾನು ಕೊಟ್ಟದ್ದಾ?”

“ಇದರಲ್ಲಿ ಯಾರದ್ದೂ ತಪ್ಪಿಲ್ಲ ಅಮ್ಮ.”

“ತಪ್ಪು ಅಂತಲ್ಲ. ಅರ್ಧ ನಾನು ಕೊಟ್ಟದ್ದಾ?”

“ಹೌದು” ಎಂದರು ಡಾಕ್ಟರು.

ಮನೆಗೆ ಬರುವಾಗ ಬಸ್ಸು ನಂತೂರಿನಲ್ಲಿ ನಿಂತೇ ಬಿಟ್ಟಿತು. ಎದುರಿನಲ್ಲಿ ಲಾರಿಗಳ ಸಾಲು. ಅಮ್ಮ ಕಿಟಕಿಯ ಹೊರಗೆ ಅಪ್ಪನ ಹಳೆಯ ಹೋಟೆಲಿನ ಕಡೆ ನೋಡುತ್ತಿದ್ದರು. ಆ ದಿನದಿಂದ ಇವತ್ತಿನವರೆಗೆ ಅವರು ‘ನೀನು ನನ್ನ ಬರಿ’ ಎಂದದ್ದಿಲ್ಲ. ಚಿಕ್ಕಂದಿನಿಂದ, ಮದುವೆಮನೆಗಳಲ್ಲಿ, ಯಾರಿಗಾದರೂ ನನ್ನನ್ನು ತೋರಿಸುವಾಗ ಹೆಮ್ಮೆಯಿಂದ ಹೇಳುತ್ತಿದ್ದ ಮಾತು ಅದು.

ನನಗೆ ಮಾತ್ರೆ ಶುರುವಾಯಿತು. ಮೊದಲ ವಾರದಲ್ಲೇ ಬೆರಳುಗಳು ಬಿಡಿಸಿಕೊಂಡವು. ಮಾರ್ಕೆಟಿನ ಏರನ್ನು ನಿಲ್ಲದೆ ಹತ್ತಿದೆ. ಕೈ ಬೀಸಿತು. ನಾನು ಅಪ್ಪನ ಡಾಕ್ಟರನ್ನು ಕೇಳಿದ್ದು ಒಂದೇ ವಿಷಯ: ನಾನು ಅಪ್ಪನ ಹಾಗೆ ಆಗುತ್ತೇನಾ? ಅವರು ನುಣುಚಿಕೊಳ್ಳಲಿಲ್ಲ. ಈ ಬಗೆಯಲ್ಲಿ ನೆನಪು ಹೆಚ್ಚಾಗಿ ಉಳಿಯುತ್ತದೆ, ಸ್ವಭಾವದ ವಿಷಯ ಈಗಲೇ ಹೇಳಲಾಗುವುದಿಲ್ಲ, ಕೆಲವರಿಗೆ ಆಗುತ್ತದೆ, ಕೆಲವರಿಗೆ ಇಲ್ಲ ಎಂದರು. ನೆನಪು ಉಳಿಯುತ್ತದೆ ಎಂದದ್ದನ್ನು ಅವರು ಒಳ್ಳೆಯ ಸುದ್ದಿಯ ಹಾಗೆ ಹೇಳಿದರು. ನಾನು ಹಾಗೆ ತೆಗೆದುಕೊಳ್ಳಲು ಪ್ರಯತ್ನಿಸಿದೆ.

“ಬದಲಾದ್ರೆ ನನಗೆ ಗೊತ್ತಾಗ್ತದಾ?” ಎಂದು ಕೇಳಿದೆ.

“ಮೊದಲು ಮನೆಯವರಿಗೆ ಗೊತ್ತಾಗುದು” ಎಂದು ಅವರು ಅಮ್ಮನ ಕಡೆ ತಿರುಗಿದರು. “ನೀವು ಹೇಳ್ಬೇಕು ಅಮ್ಮ. ಸಣ್ಣದಿದ್ರೂ ಹೇಳ್ಬೇಕು. ಮಾತ್ರೆ ಬದಲಾಯಿಸುವ.”

“ಇವಳಿಗೆ ಎಂತ ಆಗ್ಲಿಕ್ಕಿಲ್ಲ” ಎಂದರು ಅಮ್ಮ.

ಅಂದಿನಿಂದ ನಾನು ಅಮ್ಮನ ಮುಖವನ್ನು ಗಮನಿಸುತ್ತಾ ಬಂದಿದ್ದೇನೆ. ಪ್ರಯೋಗಾಲಯದಲ್ಲಿ ಬಣ್ಣ ತಿರುಗುವುದನ್ನು ಕಾಯುವ ಹಾಗೆ. ಸ್ವಲ್ಪ ಜೋರಾಗಿ ಮಾತಾಡಿದರೆ ಅವರನ್ನು ನೋಡುತ್ತೇನೆ. ಕಾಲೇಜಿನಲ್ಲಿ ಯಾರ ಮೇಲಾದರೂ ಕೋಪ ಬಂದರೆ, ಈ ಕೋಪ ನನ್ನದೋ ಮಾತ್ರೆಯದ್ದೋ ಎಂದು ಯೋಚಿಸುತ್ತೇನೆ. ಹಾಗೆ ಯೋಚಿಸುವವಳಿಗೆ ಕೋಪವೂ ಸರಿಯಾಗಿ ಬರುವುದಿಲ್ಲ. ನಾನು ಮೊದಲಿನಿಂದಲೂ ವಸ್ತುಗಳನ್ನು ಅದರದರ ಜಾಗದಲ್ಲೇ ಇಡುವವಳು. ಈಚೆಗೆ ದಿನಾ ಸಂಜೆ ಕಪಾಟಿನಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆದು ಮತ್ತೆ ಜೋಡಿಸುತ್ತೇನೆ. ಇದು ಹಳೆಯ ಅಭ್ಯಾಸವೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನೆಲದಲ್ಲಿ ಸಾಲಾಗಿಟ್ಟ ಗಡಿಯಾರದ ಹಲ್ಲುಚಕ್ರಗಳೂ ನೆನಪಾಗುತ್ತವೆ.

ಕಳೆದ ತಿಂಗಳು ಒಂದು ಭಾನುವಾರ ಕಪಾಟು ತೆರೆದಾಗ ನನ್ನ ಮಾತ್ರೆಯ ಡಬ್ಬಿ ಬಲಬದಿಯಲ್ಲಿತ್ತು. ನಾನು ಅದನ್ನು ಇಡುವುದು ಎಡಬದಿಯಲ್ಲಿ. ಯಾರೋ ತೆಗೆದು ನೋಡಿದ್ದಾರೆ ಎಂದು ಅನ್ನಿಸಿದ ಕೂಡಲೇ ಯಾಕೆ ಎಂದೂ ಹೊಳೆಯಿತು. ಅಪ್ಪನ ಡಬ್ಬಿಯನ್ನು ಅಕ್ಕಿಯಲ್ಲಿ ಬಚ್ಚಿಟ್ಟವರು ಅಮ್ಮನೇ. ನಾನು ಹೆಚ್ಚು ನುಂಗುತ್ತಿದ್ದೇನಾ ಎಂದು ನೋಡಿರಬೇಕು. ಅಡುಗೆಮನೆಗೆ ಹೋದೆ. ಅಮ್ಮ ಮಣೆಯ ಮೇಲೆ ಕೂತು ಬಂಗುಡೆ ಸೀಳುತ್ತಿದ್ದರು.

“ನನ್ನ ಕಪಾಟಿನಲ್ಲಿ ಎಂತ ಹುಡುಕಿದ್ದು ನೀವು?”

“ನಾನಾ? ನಾನು ಆ ಕಡೆ ಹೋಗ್ಲೇ ಇಲ್ಲ ಮಗಾ.”

“ಡಬ್ಬಿ ಎಡಗಡೆ ಇತ್ತು. ಈಗ ಬಲಗಡೆ ಉಂಟು.”

“ನೀನೇ ಇಟ್ಟಿರ್ಬೇಕು.”

“ನಾನು ಎಡಗಡೆಯೇ ಇಡುದು. ಎಷ್ಟು ಸಲ ಹೇಳ್ಬೇಕು? ನೀವು ನೋಡಿದ್ರೆ ನೋಡಿದೆ ಅಂತ ಹೇಳಿ.”

ನನ್ನ ಸ್ವರ ಏರಿತ್ತು. ಅಮ್ಮನ ಕೈ ಮೀನಿನ ಮೇಲೆ ನಿಂತಿತು. ಅವರು ತಲೆ ಎತ್ತಲಿಲ್ಲ. ಸ್ವರ ಏರಿಸದೆ, ಇಳಿಸದೆ ಹೇಳಿದರು:

“ಆವು. ನಾನೇ ತೆಗೆದದ್ದು.”

ಮತ್ತೆ ಮೀನು ಸೀಳತೊಡಗಿದರು.

ಡಾಕ್ಟರು ಹೇಳಬೇಕೆಂದದ್ದನ್ನು ಅಮ್ಮ ಆ ಒಂದು ಶಬ್ದದಲ್ಲಿ ಹೇಳಿಯಾಗಿತ್ತು. ಹೇಳಿದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಾನು ಹಾಗೆಯೇ ನಿಂತಿದ್ದೆ. ಹಿಂದಿನಿಂದ, ಹಾಲಿನ ಮೂಲೆಯಿಂದ, ಅಪ್ಪನ ಸ್ವರ ಬಂತು.

“ನಿನ್ನ ಅಮ್ಮನೇ ತೆಗೆದದ್ದು ಹೌದು. ನಾನು ನೋಡಿದೆ.”

“ಆವು” ಎಂದರು ಅಮ್ಮ, ಅವರಿಗೂ.

ಅಪ್ಪನ ಕುರ್ಚಿಯಿಂದ ನನ್ನ ಕೋಣೆಯ ಬಾಗಿಲು ಕಾಣುತ್ತದೆ. ಅವರು ನೋಡಿರಬಹುದು. ನನ್ನ ಬೀಸದ ಕೈಯನ್ನು ಎಲ್ಲರಿಗಿಂತ ಮೊದಲು ನೋಡಿದ್ದೂ ಅದೇ ಕುರ್ಚಿಯಿಂದ. ಮೀನಿನವನು ಮೆಟ್ಟಿಲು ಹತ್ತಿ ಒಳಗೆ ಬಂದದ್ದನ್ನು ನೋಡಿದ್ದೂ ಅದೇ ಕುರ್ಚಿಯಿಂದ.

ನಾನು ಹೋಗಿ ಅವರ ಪಕ್ಕ ಕೂತೆ.

“ಡಬ್ಬಿ ಯಾವ ಬದಿಯಲ್ಲಿತ್ತು ಅಪ್ಪ?” ಎಂದು ಕೇಳಿದೆ.

“ಎಡಗಡೆ” ಎಂದರು ಅವರು.

ನನ್ನ ಕಡೆಗೆ ಸಾಕ್ಷಿಗೆ ಇರುವುದು ಅವರೊಬ್ಬರೇ.